ವಿಡಿಯೋ ತೆಗೆದುಹಾಕಿಸಿದವರಿಗೆ ನನ್ನ ಮನೆ ವಿಳಾಸ ಯಾಕೆ ಬೇಕು?

ಪ್ರಶ್ನೆ: ನಾನು ಮಕ್ಕಳಿಗೆ ಪಿಟೀಲು ಕಲಿಸುತ್ತೇನೆ. ಪಾಠಗಳನ್ನು ವಿಡಿಯೋ ಮಾಡಿ ಯೂಟ್ಯೂಬಿಗೆ ಹಾಕುತ್ತೇನೆ. ಇನ್ನೂರು ವರ್ಷಕ್ಕೂ ಹಳೆಯದಾದ ಒಂದು ರಚನೆಯನ್ನು ನಾನೇ ನುಡಿಸಿ ಹಾಕಿದ್ದೆ. ಕಾಪಿರೈಟ್ ದೂರು ಬಂದಿದೆ ಅಂತ ಅದನ್ನು ತೆಗೆದುಹಾಕಿದ್ದಾರೆ. ತಕರಾರು ಸಲ್ಲಿಸೋಣ ಅಂತ ಹೋದರೆ ಪೂರ್ತಿ ಹೆಸರು, ಮನೆ ವಿಳಾಸ, ಫೋನ್ ನಂಬರ್ ಕೇಳುತ್ತಾರೆ. ಅದೆಲ್ಲ ದೂರು ಕೊಟ್ಟವರ ಕೈಗೂ ಹೋಗುತ್ತದಂತೆ. ನಾನು ಒಬ್ಬಳೇ ಇರುವವಳು, ಭಯವಾಗುತ್ತಿದೆ. ಇದನ್ನು ಹೇಳಿಕೊಂಡರೆ ಸ್ನೇಹಿತರೊಬ್ಬರು 'ಕಾಪಿರೈಟ್ ಕಾನೂನು ಬಿಗಿಯಾಗಿದ್ದರೇ ಒಳ್ಳೆಯದು, ಅದನ್ನು ವಿರೋಧಿಸುವವರೆಲ್ಲ ಕಳ್ಳರ ಪರ' ಅನ್ನುತ್ತಾರೆ. ಕಾಪಿರೈಟಿಗೂ ನನ್ನ ಖಾಸಗಿತನಕ್ಕೂ ಏನು ಸಂಬಂಧ? ಇಂಟರ್ನೆಟ್ಟಿನಲ್ಲಿ ನಾವು ಎಲ್ಲಿಂದ ಬಂದೆವು ಅಂತ ಮರೆಮಾಡುವ ವಿಪಿಎನ್ ಹಾಕಿಕೊಂಡರೆ ಸಾಕೇ? ನಾನೇನು ಮಾಡಲಿ?

ಉತ್ತರ: ಮೊದಲಿಗೆ ಒಂದು ಮಾತು. ಆ ಫಾರ್ಮಿನಲ್ಲಿ ನಿಮ್ಮ ಮನೆ ವಿಳಾಸವನ್ನು ಇವತ್ತೇ ತುಂಬಬೇಡಿ. ಅದಕ್ಕಿಂತ ಮೊದಲು ಮಾಡುವ ಎರಡು ಮೂರು ಕೆಲಸ ಇವೆ. ವಿಳಾಸ ಕೊಡಲೇಬೇಕಾಗಿ ಬಂದರೂ ನೀವೇ ನಿಮ್ಮ ಮನೆಯದ್ದನ್ನು ಬರೆದುಕೊಡಬೇಕು ಅಂತೇನಿಲ್ಲ. ಅದನ್ನು ಕೊನೆಯಲ್ಲಿ ವಿವರವಾಗಿ ಹೇಳಿದ್ದೇನೆ, ಅವಸರ ಇದ್ದರೆ ನೇರವಾಗಿ ಅಲ್ಲಿಗೇ ಹೋಗಿ. ಸಮಯ ಇದ್ದರೆ ನಡುವಿನದ್ದನ್ನೂ ಓದಿ. ನಿಮ್ಮ ಭಯಕ್ಕೂ ನಿಮ್ಮ ಸ್ನೇಹಿತರ ಮಾತಿಗೂ ಉತ್ತರ ಇರುವುದು ಅಲ್ಲೇ.

ಸ್ನೇಹಿತರ ಮಾತಿನಿಂದ ಶುರು ಮಾಡೋಣ. ಹಾಡಿದವರಿಗೆ, ಬರೆದವರಿಗೆ, ಚಿತ್ರ ತೆಗೆದವರಿಗೆ ಅವರ ದುಡಿಮೆಯ ಫಲ ಸಿಗಲೇಬೇಕು. ಇದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ನಾಳೆ ನಿಮ್ಮ ಪಾಠವನ್ನೇ ಯಾರೋ ಎತ್ತಿಕೊಂಡು ತಮ್ಮ ಹೆಸರಲ್ಲಿ ಹಾಕಿದರೆ ನಿಮಗೂ ಇದೇ ಕಾನೂನು ಬೇಕು. ಹಾಗಾಗಿ ಕಾಪಿರೈಟ್ ಇರಬೇಕೋ ಬೇಡವೋ ಅನ್ನುವ ಜಗಳ ಇಲ್ಲಿಲ್ಲ. ಜಗಳ ಇರುವುದು ಬೇರೆ ಕಡೆ. ಒಬ್ಬರು ಬಂದು 'ಇದು ನನ್ನದು, ಕದ್ದಿದ್ದಾರೆ' ಅಂದಾಗ ಆ ಮಾತು ನಿಜವೋ ಸುಳ್ಳೋ ಅಂತ ಯಾರು ನೋಡಬೇಕು? ನೋಡಿ ಆಮೇಲೆ ಕ್ರಮ ತೆಗೆದುಕೊಳ್ಳಬೇಕೋ, ಕ್ರಮ ತೆಗೆದುಕೊಂಡು ಆಮೇಲೆ ನೋಡಿದರಾಯಿತೋ? ಕಳೆದ ಇಪ್ಪತ್ತೈದು ವರ್ಷಗಳ ಬಿಗಿ ಕಾನೂನುಗಳನ್ನು ಒಂದೊಂದಾಗಿ ತೆಗೆದು ನೋಡಿ. ಈ ನೋಡುವ ಕೆಲಸವನ್ನೇ ಅವು ಕೈಬಿಟ್ಟಿರುತ್ತವೆ, ಇಲ್ಲವೇ ಯಂತ್ರಕ್ಕೆ ವಹಿಸಿರುತ್ತವೆ. ನನ್ನ ತಕರಾರು ಇದೊಂದೇ, ಆದರೆ ಬಹಳ ದೊಡ್ಡದು.

ಇದಕ್ಕೂ ಖಾಸಗಿತನಕ್ಕೂ ನಂಟು ಹೇಗೆ ಬಂತು? 1710ರಲ್ಲಿ ಬ್ರಿಟನ್ನಿನಲ್ಲಿ ಜಾರಿಗೆ ಬಂದ ಕಾಪಿರೈಟ್ ಕಾನೂನು ಹೊಸ ಪುಸ್ತಕಕ್ಕೆ 14 ವರ್ಷದ ಹಕ್ಕು ಕೊಡುತ್ತಿತ್ತು. ಅಷ್ಟು ಹೊತ್ತಿಗೆ ಲೇಖಕ ಬದುಕಿದ್ದರೆ ಇನ್ನೊಂದು 14 ವರ್ಷ. ಆಗ ಕದ್ದು ಅಚ್ಚು ಹಾಕಬೇಕಾದರೆ ಮುದ್ರಣಯಂತ್ರ ಬೇಕಿತ್ತು. ಅದು ಇದ್ದವರು ಬೆರಳೆಣಿಕೆಯಷ್ಟು ಜನ. ಅವರ ಮೇಲೆ ಕಣ್ಣಿಟ್ಟರೆ ಸಾಕಿತ್ತು, ಪುಸ್ತಕ ಓದುವವರ ಮನೆಯೊಳಗೆ ಯಾರೂ ಇಣುಕಬೇಕಿರಲಿಲ್ಲ. ಇಂಟರ್ನೆಟ್ಟಿನಲ್ಲಿ ಹಾಗಲ್ಲ. ಒಂದು ಪುಟ ತೆರೆದರೂ ಅದರ ಪ್ರತಿ ನಿಮ್ಮ ಕಂಪ್ಯೂಟರಿಗೆ ಇಳಿಯುತ್ತದೆ. ಓದುವುದು, ಕೇಳುವುದು, ಗೆಳೆಯರಿಗೆ ಕಳಿಸುವುದು, ಎಲ್ಲವೂ ಯಂತ್ರದ ಲೆಕ್ಕದಲ್ಲಿ ನಕಲು ಮಾಡುವುದೇ. ಅಂದಮೇಲೆ ಪ್ರತಿಯೊಂದು ನಕಲನ್ನೂ ಕಾಯುತ್ತೇವೆ ಅಂತ ಹೊರಟವರು ಪ್ರತಿಯೊಬ್ಬ ಮನುಷ್ಯನನ್ನೂ ಕಾಯಲೇಬೇಕಾಗುತ್ತದೆ. ಯಾರು, ಯಾವಾಗ, ಏನನ್ನು ನೋಡಿದರು, ಯಾರಿಗೆ ಕಳಿಸಿದರು ಅಂತ ತಿಳಿಯದೆ ಆ ಕೆಲಸ ಆಗುವುದೇ ಇಲ್ಲ. ಈಗ ಬಹಳ ದೇಶಗಳಲ್ಲಿ ಹಕ್ಕು ಲೇಖಕರ ಜೀವಮಾನವಿಡೀ ಇದ್ದು, ಅವರು ತೀರಿಕೊಂಡ ಮೇಲೂ 70 ವರ್ಷ ಇರುತ್ತದೆ. ಕಾಯಬೇಕಾದ ವಸ್ತು ಜಾಸ್ತಿ ಆದಷ್ಟೂ ಕಾವಲೂ ಜಾಸ್ತಿ ಆಗಿದೆ.

ಈಗ ನಿಮ್ಮ ಆ ಫಾರ್ಮಿಗೆ ಬರೋಣ. ಅದು ಹುಟ್ಟಿದ್ದು ಅಮೆರಿಕದ 1998ರ ಡಿಎಂಸಿಎ ಅನ್ನುವ ಕಾಪಿರೈಟ್ ಕಾನೂನಿನಿಂದ. ದೊಡ್ಡ ತಾಣಗಳು ಬಹುಪಾಲು ಅಮೆರಿಕದವು, ಹಾಗಾಗಿ ಆ ದೇಶದ ನಿಯಮ ಬೇರೆ ದೇಶದವರಿಗೂ ಬಂದು ತಾಗುತ್ತದೆ. ಆ ಕಾನೂನು ಹೇಳುವುದು ಹೀಗೆ: ಬಳಕೆದಾರರು ಹಾಕಿದ್ದಕ್ಕೆ ತಾಣ ಹೊಣೆಯಲ್ಲ, ಆದರೆ ದೂರು ಬಂದರೆ ಬೇಗ ತೆಗೆಯಬೇಕು. ಮೊದಲ ಅರ್ಧ ನಿಜಕ್ಕೂ ಒಳ್ಳೆಯದು. ಅದಿಲ್ಲದಿದ್ದರೆ ಸಾಮಾನ್ಯ ಜನ ತಮ್ಮ ಪಾಡಿಗೆ ವಿಡಿಯೋ ಹಾಕುವಂಥ ತಾಣ ಕಟ್ಟಲು ಯಾರಿಗೂ ಧೈರ್ಯ ಬರುತ್ತಿರಲಿಲ್ಲ. ತೊಂದರೆ ಎರಡನೆಯ ಅರ್ಧದ್ದು. ತಪ್ಪು ದೂರಿಗೆ ತಲೆಬಾಗಿದರೆ ತಾಣಕ್ಕೆ ನಷ್ಟವೇನೂ ಇಲ್ಲ. ಸರಿಯಾದ ದೂರಿಗೆ ತಲೆಬಾಗದಿದ್ದರೆ ಕೋರ್ಟು, ಪರಿಹಾರ, ದೊಡ್ಡ ಮೊತ್ತ. ಹಾಗಾಗಿ ಅವರು ಮೊದಲು ತೆಗೆಯುತ್ತಾರೆ. ನೀವು ತಕರಾರು ಕೊಟ್ಟ ಮೇಲೆ ವಿಡಿಯೋ ಮರಳಿ ಬರಲು 10ರಿಂದ 14 ಕೆಲಸದ ದಿನ ಹಿಡಿಯುತ್ತದೆ. ಪ್ರಮಾಣದ ಮಾತಿನಲ್ಲೂ ತಕ್ಕಡಿ ಒಂದೇ ಕಡೆ ವಾಲಿದೆ. ತಕರಾರು ಕೊಡುವ ನೀವು 'ಇದು ತಪ್ಪಾಗಿ ತೆಗೆದದ್ದು ಅಂತ ನಾನು ಪ್ರಾಮಾಣಿಕವಾಗಿ ನಂಬಿದ್ದೇನೆ' ಅಂತ ಪ್ರಮಾಣ ಮಾಡಬೇಕು. ಅದು ಸುಳ್ಳಾದರೆ ಸುಳ್ಳು ಸಾಕ್ಷ್ಯದ ಅಪರಾಧ. ದೂರು ಕೊಡುವವರು ಅಂಥ ಪ್ರಮಾಣ ಮಾಡುವುದು ಹಕ್ಕುದಾರರ ಪರವಾಗಿ ಮಾತಾಡಲು ತಮಗೆ ಅಧಿಕಾರ ಇದೆ ಅನ್ನುವುದಕ್ಕೆ ಮಾತ್ರ. ನಿಮ್ಮ ವಿಡಿಯೋ ಕದ್ದದ್ದೇ ಅನ್ನುವ ಮಾತಿಗೆ ಅಲ್ಲ.

ವಿಳಾಸ ಕೇಳುವುದಕ್ಕೆ ಕಾರಣ, ದೂರು ಕೊಟ್ಟವರು ನಿಮ್ಮ ಮೇಲೆ ಕೇಸ್ ಹಾಕುವುದಾದರೆ ನೀವು ಯಾರು, ಎಲ್ಲಿದ್ದೀರಿ ಅಂತ ಗೊತ್ತಿರಬೇಕು ಅನ್ನುವುದು. ಕೇಳುವಾಗ ನ್ಯಾಯವಾಗಿಯೇ ಕಾಣುತ್ತದೆ. ಆದರೆ ಇದನ್ನೇ ಗಾಳ ಮಾಡಿಕೊಂಡವರಿದ್ದಾರೆ. 2019ರಲ್ಲಿ ಯೂಟ್ಯೂಬ್ ಒಬ್ಬ ವ್ಯಕ್ತಿಯ ಮೇಲೆ ಕೇಸ್ ಹಾಕಿತು. ಅವನು ತನ್ನದಲ್ಲದ ವಿಡಿಯೋಗಳ ಮೇಲೆ ಸುಳ್ಳು ಕಾಪಿರೈಟ್ ದೂರು ಕೊಟ್ಟು, ಹಣ ಕೊಟ್ಟರೆ ವಾಪಸ್ ತೆಗೆದುಕೊಳ್ಳುತ್ತೇನೆ ಅನ್ನುತ್ತಿದ್ದ. ಒಬ್ಬರು ತಕರಾರು ಸಲ್ಲಿಸಿ, ಅವರ ವಿಳಾಸ ಆ ಕಡೆಗೆ ಹೋದ ಸ್ವಲ್ಪ ದಿನಕ್ಕೇ ಯಾರೋ ಮಾಡಿದ ಸುಳ್ಳು ತುರ್ತು ಕರೆ ನಂಬಿ ಪೊಲೀಸರು ಅವರ ಮನೆಗೆ ಹೋಗಿದ್ದರು ಅಂತ ಯೂಟ್ಯೂಬ್ ಕೋರ್ಟಿಗೆ ಹೇಳಿತು. ಕೊನೆಗೆ ಅವನು 25,000 ಡಾಲರ್ ಕೊಟ್ಟು, ಕ್ಷಮೆ ಕೇಳಿ ರಾಜಿ ಮಾಡಿಕೊಂಡ. ನಿಮ್ಮ ಭಯ ಸುಮ್ನೆ ಹುಟ್ಟಿದ್ದಲ್ಲ ಅನ್ನುವುದಕ್ಕೆ ಇದನ್ನು ಹೇಳಿದೆ. ಪ್ರತಿ ದೂರಿನ ಹಿಂದೆಯೂ ಇಂಥವನೇ ಇರುತ್ತಾನೆ ಅಂತ ಅಲ್ಲ.

ನಿಮ್ಮ ವಿಷಯದಲ್ಲಿ ವಿಳಾಸ ಕೊಡುವುದೋ ಬಿಡುವುದೋ ನಿಮ್ಮ ಕೈಯಲ್ಲಿದೆ. ಎಷ್ಟೋ ಜನರ ಹೆಸರು ಅವರಿಗೆ ತಿಳಿಯುವ ಮೊದಲೇ ಕೈ ದಾಟಿರುತ್ತದೆ. ಇಂಟರ್ನೆಟ್ಟಿಗೆ ಸೇರಿಕೊಂಡ ಪ್ರತಿ ಸಂಪರ್ಕಕ್ಕೂ ಐಪಿ ವಿಳಾಸ ಅಂತ ಒಂದು ಸಂಖ್ಯೆ ಇರುತ್ತದೆ. ಟೊರೆಂಟ್ ಅಂದರೆ ಜನ ತಮ್ಮ ಕಂಪ್ಯೂಟರುಗಳಿಂದ ನೇರವಾಗಿ ಒಬ್ಬರಿಗೊಬ್ಬರು ಫೈಲ್ ಹಂಚಿಕೊಳ್ಳುವ ವ್ಯವಸ್ಥೆ. ಅಲ್ಲಿ ಹಂಚಿಕೊಳ್ಳುವವರ ಐಪಿ ವಿಳಾಸ ಉಳಿದವರಿಗೆಲ್ಲ ಕಾಣುತ್ತದೆ. ಅದನ್ನು ಹೆಕ್ಕುವುದೇ ಕೆಲಸವಾದ ಕಂಪನಿಗಳಿವೆ. ಹೆಕ್ಕಿ, ಸಂಪರ್ಕ ಕೊಡುವ ಕಂಪನಿಗೆ ನೋಟಿಸ್ ಕಳಿಸುತ್ತವೆ: ಈ ಸಂಖ್ಯೆ ಈ ಹೊತ್ತಿನಲ್ಲಿ ಯಾರ ಹತ್ತಿರ ಇತ್ತು? ನಾನು ಹಿಂದೆ ಒಂದು ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸದಲ್ಲಿದ್ದಾಗ ಇಂಥ ನೋಟಿಸುಗಳನ್ನು ರಾಶಿಗಟ್ಟಲೆ ಓದಿದ್ದೇನೆ. ಎಷ್ಟೋ ನೋಟಿಸಿನಲ್ಲಿ ಗಂಟೆ ನಿಮಿಷ ಬರೆದಿರುತ್ತಿದ್ದರು, ಯಾವ ದೇಶದ ಗಂಟೆ ಅಂತ ಮಾತ್ರ ಬರೆದಿರುತ್ತಿರಲಿಲ್ಲ. ಸಣ್ಣ ವಿಷಯ ಅನ್ನಿಸಬಹುದು. ಆದರೆ ಬೆಳಿಗ್ಗೆ ಒಬ್ಬರ ಮನೆಯಲ್ಲಿದ್ದ ಸಂಖ್ಯೆ ಮಧ್ಯಾಹ್ನ ಇನ್ನೊಬ್ಬರ ಮನೆಯಲ್ಲಿರುತ್ತದೆ. ಮೊಬೈಲ್ ಜಾಲದಲ್ಲಂತೂ ಒಂದೇ ಸಂಖ್ಯೆಯ ಹಿಂದೆ ಒಂದೇ ಹೊತ್ತಿಗೆ ಬಹಳ ಜನ ಇರುತ್ತಾರೆ. ಗಂಟೆ ತಪ್ಪಿದರೆ ಮನೆ ತಪ್ಪುತ್ತದೆ. ಮನೆ ತಪ್ಪಿದರೆ ಏನೂ ಮಾಡದವರ ಬಾಗಿಲಿಗೆ ನೋಟಿಸ್ ಹೋಗುತ್ತದೆ. ನಾನು ಅವನ್ನು ವಾಪಸ್ ಕಳಿಸಿ ಸಮಯ ಸರಿಯಾಗಿ ಬರೆಯಿರಿ ಅಂತ ಕೇಳುತ್ತಿದ್ದೆ. ಬಹುಪಾಲು ನೋಟಿಸಿಗೆ ಉತ್ತರವೇ ಬರುತ್ತಿರಲಿಲ್ಲ.

2008ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನೇ ಪರೀಕ್ಷೆ ಮಾಡಿ ತೋರಿಸಿದರು. ತಮ್ಮ ಪ್ರಿಂಟರುಗಳ ಐಪಿ ವಿಳಾಸ ಟೊರೆಂಟ್ ಪಟ್ಟಿಯಲ್ಲಿ ಕಾಣುವ ಹಾಗೆ ಮಾಡಿದರು. ಸಿನಿಮಾ ಇಳಿಸಿಕೊಂಡಿದ್ದೀರಿ ಅಂತ ಪ್ರಿಂಟರಿನ ವಿಳಾಸಕ್ಕೆ ನೋಟಿಸ್ ಬಂತು. ಕಾಗದದ ಮೇಲೆ ಅಕ್ಷರ ಮೂಡಿಸುವ ಯಂತ್ರ ಅದು. ನೋಟಿಸ್ ಕಳಿಸಿದವರು ಪಟ್ಟಿ ನೋಡಿದ್ದರೇ ಹೊರತು, ಆ ಯಂತ್ರದಿಂದ ಸಿನಿಮಾದ ಒಂದು ತುಣುಕಾದರೂ ಬರುತ್ತದೆಯೇ ಅಂತ ನೋಡಿರಲಿಲ್ಲ.

ಇಂಥ ಪುರಾವೆ ಹಿಡಿದುಕೊಂಡೇ ಅಮೆರಿಕದ ರೆಕಾರ್ಡಿಂಗ್ ಕಂಪನಿಗಳ ಸಂಘ 2003ರಿಂದ ಸಾವಿರಾರು ಸಾಮಾನ್ಯ ಜನರ ಮೇಲೆ ಕೇಸ್ ಹಾಕಿತು. ಕೆಲವೇ ವಾರಗಳ ಹಿಂದೆ 83ನೇ ವಯಸ್ಸಿನಲ್ಲಿ ತೀರಿಕೊಂಡಿದ್ದ ಒಬ್ಬ ಅಜ್ಜಿಯ ಹೆಸರೂ 2005ರಲ್ಲಿ ಆ ಪಟ್ಟಿಯಲ್ಲಿತ್ತು. ಶುರುವಿನಲ್ಲಂತೂ ಚಂದಾದಾರರ ಹೆಸರು ಪಡೆಯಲು ನ್ಯಾಯಾಧೀಶರ ಮುಂದೆ ಹೋಗಬೇಕಾಗಿಯೇ ಇರಲಿಲ್ಲ. ಕೋರ್ಟಿನ ಗುಮಾಸ್ತರ ಸಹಿ ಸಾಕಿತ್ತು. ಇಂಟರ್ನೆಟ್ ಸಂಪರ್ಕ ಕೊಡುವ ವೆರಿಜಾನ್ ಕಂಪನಿ ಹೆಸರು ಕೊಡುವುದಿಲ್ಲ ಅಂತ ಹಟ ಹಿಡಿದು ಕೋರ್ಟಿಗೆ ಹೋಯಿತು. 2003ರ ಡಿಸೆಂಬರಿನಲ್ಲಿ ಮೇಲಿನ ಕೋರ್ಟು ಅದರ ಪರ ತೀರ್ಪು ಕೊಟ್ಟಿತು. ಅಲ್ಲಿಂದ ಮುಂದೆ ಹೆಸರು ಬೇಕಾದರೆ ಕೇಸ್ ಹಾಕಿ, ನ್ಯಾಯಾಧೀಶರ ಅಪ್ಪಣೆ ಪಡೆದೇ ಕೇಳಬೇಕಾಯಿತು. ಇದು ಕಾಗದಪತ್ರದ ವ್ಯತ್ಯಾಸ ಅಂತ ಯಾರಾದರೂ ಅಂದರೆ ಒಪ್ಪಬೇಡಿ. ಗುಮಾಸ್ತರ ಸಹಿ ಮಾತ್ರ ಸಾಕು ಅಂತಾದರೆ, ಹೆಂಡತಿಯನ್ನು ಹುಡುಕುತ್ತಿರುವ ಕ್ರೂರಿ ಗಂಡನೂ ಕಾಪಿರೈಟ್ ನೆಪ ಹೇಳಿ ವಿಳಾಸ ತರಿಸಿಕೊಳ್ಳಬಹುದು. ನಡುವೆ ಒಬ್ಬ ಮನುಷ್ಯ ಕೂತು 'ನಿನಗೆ ಇದು ಯಾಕೆ ಬೇಕು?' ಅಂತ ಕೇಳಬೇಕು.

ನ್ಯಾಯಾಧೀಶರಿದ್ದರೂ ಮೋಸ ಆಗುವುದಿಲ್ಲ ಅಂತಲ್ಲ. ಪ್ರೆಂಡಾ ಲಾ ಅನ್ನುವ ವಕೀಲರ ಸಂಸ್ಥೆಯ ಕತೆ ಅದಕ್ಕೆ ಸಾಕ್ಷಿ. ಅವರು ಅಶ್ಲೀಲ ಚಿತ್ರಗಳನ್ನು ಟೊರೆಂಟಿಗೆ ತಾವೇ ಹಾಕಿದರು. ಇಳಿಸಿಕೊಂಡವರ ಐಪಿ ವಿಳಾಸ ಹಿಡಿದರು. ಕೋರ್ಟಿಗೆ ಸುಳ್ಳು ಹೇಳಿ ಹೆಸರು ಪಡೆದರು. ಆಮೇಲೆ ಆ ಮನೆಗಳಿಗೆ ಪತ್ರ: ಕೆಲವು ಸಾವಿರ ಡಾಲರ್ ಕೊಡಿ, ಇಲ್ಲವಾದರೆ ಕೇಸಿನಲ್ಲಿ ನಿಮ್ಮ ಹೆಸರು ಬರುತ್ತದೆ. ಇಳಿಸಿಕೊಳ್ಳದವರೂ ಮಾನಕ್ಕೆ ಹೆದರಿ ಹಣ ಕಟ್ಟುವಂಥ ಬಲೆ ಅದು. ಹೀಗೆ ಸುಮಾರು 60 ಲಕ್ಷ ಡಾಲರ್ ವಸೂಲಾಯಿತು. 2019ರಲ್ಲಿ ಇಬ್ಬರು ವಕೀಲರಿಗೆ 14 ವರ್ಷ ಮತ್ತು 5 ವರ್ಷ ಜೈಲಾಯಿತು. ಅವರು ಸಿಕ್ಕಿಬಿದ್ದದ್ದೂ ಕೋರ್ಟಿನಲ್ಲೇ, ಅನುಮಾನ ಬಂದ ನ್ಯಾಯಾಧೀಶರು ಪ್ರಶ್ನೆ ಕೇಳಲು ಶುರು ಮಾಡಿದ್ದರಿಂದ. ಹೆಸರನ್ನು ಕಂಪನಿಗಳೇ ನೇರವಾಗಿ ಕೈಬದಲಾಯಿಸುವ ವ್ಯವಸ್ಥೆ ಇದ್ದಿದ್ದರೆ ಇವತ್ತಿಗೂ ಅವರ ಪತ್ರ ಹೋಗುತ್ತಲೇ ಇರುತ್ತಿತ್ತೇನೋ.

ಫ್ರಾನ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಲು ನೋಡಿತು. 2009ರ ಹಡೋಪಿ ಕಾನೂನಿನ ಪ್ರಕಾರ ಮೂರನೇ ಸಲ ಆರೋಪ ಬಂದರೆ ಒಂದು ಸರ್ಕಾರಿ ಪ್ರಾಧಿಕಾರವೇ ಮನೆಯ ಇಂಟರ್ನೆಟ್ ಕಡಿದುಹಾಕಬಹುದಿತ್ತು. ಆ ವರ್ಷ ಜೂನ್ 10ರಂದು ಅಲ್ಲಿನ ಸಂವಿಧಾನ ಮಂಡಳಿ ಅದನ್ನು ತಡೆಯಿತು. ಮಾತಾಡುವ ಸ್ವಾತಂತ್ರ್ಯದಲ್ಲಿ ಇಂಟರ್ನೆಟ್ ಬಳಸುವ ಸ್ವಾತಂತ್ರ್ಯವೂ ಸೇರಿದೆ, ಅದನ್ನು ಕಡಿಯುವ ಅಧಿಕಾರ ಪ್ರಾಧಿಕಾರಕ್ಕೆ ಕೊಡುವಂತಿಲ್ಲ ಅಂತ ಹೇಳಿತು. ಆಮೇಲೆ ಕಡಿಯುವ ಅಧಿಕಾರವನ್ನು ನ್ಯಾಯಾಧೀಶರಿಗೆ ಕೊಟ್ಟರು. 2013ರ ಜುಲೈನಲ್ಲಿ ಆ ಶಿಕ್ಷೆಯನ್ನೇ ತೆಗೆದುಹಾಕಿದರು. ಐಪಿ ವಿಳಾಸ ಸಂಗ್ರಹಿಸುವುದು ಮಾತ್ರ ನಿಲ್ಲಲಿಲ್ಲ. 2024ರ ಏಪ್ರಿಲ್ 30ರಂದು ಯುರೋಪಿನ ನ್ಯಾಯಾಲಯ ಕೆಲವು ಷರತ್ತು ಹಾಕಿ ಅದನ್ನು ಒಪ್ಪಿತು. ನನಗೆ ಆ ತೀರ್ಪು ಬೇಸರ ತಂದಿತು. ಗಂಭೀರ ಅಪರಾಧಕ್ಕೆ ಅಂತ ಇಟ್ಟುಕೊಂಡಿದ್ದ ಅಳತೆಗೋಲನ್ನು ಹಾಡು ಇಳಿಸಿಕೊಂಡವರ ಮಟ್ಟಕ್ಕೆ ತಂದು ಇಟ್ಟಂತಾಯಿತು.

ಯಂತ್ರದ ಕಾವಲಿನ ಬಗ್ಗೆ ಹೇಳುತ್ತೇನೆ, ನಿಮ್ಮ ಪಿಟೀಲಿಗೆ ತೀರಾ ಹತ್ತಿರದ ವಿಷಯ ಅದೇ. ಯೂಟ್ಯೂಬ್ 2007ರಿಂದ ಕಂಟೆಂಟ್ ಐಡಿ ಅನ್ನುವ ವ್ಯವಸ್ಥೆ ಇಟ್ಟುಕೊಂಡಿದೆ. ನೀವು ಹಾಕಿದ ದನಿಯನ್ನು ದೊಡ್ಡ ಕಂಪನಿಗಳು ಕೊಟ್ಟ ದನಿಗಳ ಜೊತೆ ಅದು ತಾಳೆ ನೋಡುತ್ತದೆ. ಬೇರೆ ತಾಣಗಳಲ್ಲೂ ಇಂಥವು ಇವೆ. ತಾಳೆ ನೋಡುವುದರಲ್ಲಿ ಅವು ಗಟ್ಟಿ. ಅರ್ಥ ಮಾಡಿಕೊಳ್ಳುವುದು ಅವುಗಳ ಕೈಯಲ್ಲಾಗದ ಕೆಲಸ. 2018ರಲ್ಲಿ ಒಬ್ಬ ಪಿಯಾನೋ ವಾದಕರು ಬಾಖ್‌ನ ರಚನೆಯನ್ನು ತಾವೇ ನುಡಿಸಿ ಫೇಸ್‌ಬುಕ್ಕಿಗೆ ಹಾಕಿದಾಗ ಅದರ 47 ಸೆಕೆಂಡ್ ದನಿಯನ್ನು ಮುಚ್ಚಲಾಯಿತು. ದೊಡ್ಡ ಸಂಗೀತ ಕಂಪನಿಯೊಂದರ ಹಕ್ಕು ಅದು ಅಂತ ಯಂತ್ರ ಹೇಳಿತ್ತು. ಬಾಖ್ ತೀರಿಕೊಂಡದ್ದು 1750ರಲ್ಲಿ. ಒಂದೇ ಸ್ವರಗಳನ್ನು ಇಬ್ಬರು ನುಡಿಸಿದರೆ ಎರಡೂ ಒಂದೇ ಥರ ಕೇಳುತ್ತವೆ ಅಲ್ವಾ? ಯಂತ್ರಕ್ಕೆ ಅದು ಕಳವು. ನಿಮ್ಮ ಪಾಠದ ವಿಷಯದಲ್ಲೂ ಇದೇ ಆಗಿರಬಹುದು ಅಂತ ನನ್ನ ಊಹೆ. 2012ರ ಆಗಸ್ಟಿನಲ್ಲಿ ನಾಸಾ ತನ್ನ ಕ್ಯೂರಿಯಾಸಿಟಿ ಯಂತ್ರವನ್ನು ಮಂಗಳ ಗ್ರಹದ ಮೇಲೆ ಇಳಿಸಿದಾಗ ನಾಸಾದ್ದೇ ವಿಡಿಯೋ ಯೂಟ್ಯೂಬಿನಿಂದ ಸ್ವಲ್ಪ ಹೊತ್ತು ಮಾಯವಾಗಿತ್ತು, ಒಂದು ಸುದ್ದಿ ಸಂಸ್ಥೆ ಅದು ತನ್ನದು ಅಂದಿದ್ದರಿಂದ. ನಾಸಾ ಆಗಿದ್ದಕ್ಕೆ ಬೇಗ ಸರಿಹೋಯಿತು.

ಇನ್ನೊಂದು ಘಟನೆ ನನ್ನನ್ನು ಇದೆಲ್ಲಕ್ಕಿಂತ ಜಾಸ್ತಿ ಕಾಡಿದೆ. 2021ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಪ್ರತಿಭಟನಕಾರರೊಬ್ಬರು ಪೊಲೀಸ್ ಅಧಿಕಾರಿಯ ಜೊತೆ ಮಾತಾಡುತ್ತಾ ಅದನ್ನು ಚಿತ್ರಿಸುತ್ತಿದ್ದರು. ಅಧಿಕಾರಿ ತನ್ನ ಫೋನ್ ತೆಗೆದು ಜನಪ್ರಿಯ ಹಾಡೊಂದನ್ನು ಜೋರಾಗಿ ಹಾಕಿದ. ಯಾಕೆ ಅಂತ ಕೇಳಿದ್ದಕ್ಕೆ, ಎಷ್ಟು ಬೇಕಾದರೂ ಚಿತ್ರಿಸಿಕೊಳ್ಳಿ, ಇದನ್ನು ಯೂಟ್ಯೂಬಿಗೆ ಹಾಕಲು ಆಗುವುದಿಲ್ಲ ಅನ್ನುವ ಅರ್ಥದ ಮಾತು ಹೇಳಿದ. ಕಲಾವಿದರ ಹೊಟ್ಟೆ ತುಂಬಿಸಲಿ ಅಂತ ಮಾಡಿದ ಕಾನೂನನ್ನು ಜನರ ಬಾಯಿ ಮುಚ್ಚಲು ಬಳಸುವುದು ಒಬ್ಬ ಅಧಿಕಾರಿಗೆ ಹೊಳೆಯಿತು ಅಂದರೆ, ಅಧಿಕಾರದಲ್ಲಿರುವ ಬೇರೆಯವರಿಗೆ ಹೊಳೆಯದೇ ಇರುತ್ತದೆಯೇ? ತಮಗೆ ಆಗದ ವರದಿಯನ್ನು ನಕಲು ಮಾಡಿ, ಹಳೆಯ ತಾರೀಕು ಹಾಕಿದ ಒಂದು ಹುಸಿ ತಾಣದಲ್ಲಿ ಪ್ರಕಟಿಸಿ, 'ಮೂಲ ನಮ್ಮದು' ಅಂತ ದೂರು ಕೊಟ್ಟು ನಿಜವಾದ ವರದಿಯನ್ನು ಹುಡುಕಾಟದ ಫಲಿತಾಂಶದಿಂದ ತೆಗೆಸುವ ದಂಧೆಯೇ ನಡೆಯುತ್ತದೆ.

ಇಷ್ಟಾದರೂ ಯುರೋಪ್ 2019ರ ಮಾರ್ಚ್ 26ರಂದು ಹೊಸ ಕಾಪಿರೈಟ್ ನಿರ್ದೇಶನವನ್ನು 348ಕ್ಕೆ 274 ಮತಗಳಿಂದ ಒಪ್ಪಿತು. ಅದರ 17ನೇ ವಿಧಿಯ ಪ್ರಕಾರ ದೊಡ್ಡ ತಾಣಗಳು ಹಕ್ಕುದಾರರ ವಸ್ತು ಕಾಣಿಸಿಕೊಳ್ಳದಂತೆ ಮೊದಲೇ ನೋಡಿಕೊಳ್ಳಬೇಕು. ಫಿಲ್ಟರ್, ಅಂದರೆ ಹಾಕುವ ಮೊದಲೇ ಸೋಸಿ ತಡೆಯುವ ಯಂತ್ರ, ಅನ್ನುವ ಪದ ಅದರಲ್ಲಿಲ್ಲ. ಆದರೆ ಅಷ್ಟೊಂದು ವಿಡಿಯೋಗಳನ್ನು ಫಿಲ್ಟರ್ ಇಲ್ಲದೆ ನೋಡುವುದು ಹೇಗೆ? ಇದೇ ಯುರೋಪಿನ ನ್ಯಾಯಾಲಯ 2011ರಲ್ಲಿ ಬೆಲ್ಜಿಯಂನ ಒಂದು ಪ್ರಕರಣದಲ್ಲಿ, ಎಲ್ಲಾ ಗ್ರಾಹಕರ ಸಂಪರ್ಕವನ್ನೂ ಸೋಸಿ ನೋಡಿ ಅಂತ ಇಂಟರ್ನೆಟ್ ಕಂಪನಿಗೆ ಹೇಳುವಂತಿಲ್ಲ, ಅದು ಜನರ ಮಾಹಿತಿಯ ರಕ್ಷಣೆಗೂ ವಾಕ್ ಸ್ವಾತಂತ್ರ್ಯಕ್ಕೂ ವಿರುದ್ಧ ಅಂದಿತ್ತು. 17ನೇ ವಿಧಿಯನ್ನು ಪೋಲೆಂಡ್ ಪ್ರಶ್ನಿಸಿದಾಗ 2022ರಲ್ಲಿ ಅದೇ ನ್ಯಾಯಾಲಯ ವಿಧಿಯನ್ನು ಉಳಿಸಿತು. ಜೊತೆಗೆ, ಕಾನೂನುಬದ್ಧವಾದದ್ದನ್ನು ತಡೆಯುವ ಫಿಲ್ಟರ್ ಹಾಕುವಂತಿಲ್ಲ ಅಂತಲೂ ಹೇಳಿತು. ಆ ಎರಡನೇ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡು ಕೇಳುವುದು ನಮ್ಮ ಕೆಲಸ.

ತಾಣವನ್ನೇ ಮುಚ್ಚಿಸುವ ಆದೇಶಗಳೂ ಇವೆ. ಒಂದು ಐಪಿ ವಿಳಾಸದಲ್ಲಿ ಎಷ್ಟೋ ತಾಣ ಒಟ್ಟಿಗೆ ವಾಸ ಮಾಡುತ್ತವೆ. 2022ರಲ್ಲಿ ಆಸ್ಟ್ರಿಯಾದಲ್ಲಿ, ಬೇರೆಯವರ ತಾಣಗಳನ್ನು ತನ್ನ ಯಂತ್ರಗಳ ಮೂಲಕ ಜನರಿಗೆ ತಲುಪಿಸುವ ಕ್ಲೌಡ್‌ಫ್ಲೇರ್ ಕಂಪನಿಯ 11 ಐಪಿ ವಿಳಾಸ ತಡೆದಾಗ ಏನೂ ಸಂಬಂಧವಿಲ್ಲದ ರಾಶಿ ತಾಣಗಳು ಮುಚ್ಚಿಹೋದವು. ಇಟಲಿ 2024ರಲ್ಲಿ ತಂದ ವ್ಯವಸ್ಥೆಯಲ್ಲಿ ದೂರು ಬಂದ 30 ನಿಮಿಷದಲ್ಲಿ ತಡೆಯಬೇಕು. ಅದೇ ವರ್ಷ ಅಕ್ಟೋಬರಿನಲ್ಲಿ ಗೂಗಲ್ ಡ್ರೈವಿನ ಒಂದು ವಿಳಾಸವೇ ಅದರಲ್ಲಿ ಸಿಕ್ಕಿಹಾಕಿಕೊಂಡಿತು. ಅರ್ಧ ಗಂಟೆಯಲ್ಲಿ ಯಾರು ಏನನ್ನು ಪರಿಶೀಲಿಸಲು ಸಾಧ್ಯ?

ಕೊಂಡುಕೊಂಡ ವಸ್ತುವಿನೊಳಗೂ ಕಾವಲು ಬರುತ್ತದೆ. 2005ರಲ್ಲಿ ಸೋನಿ ಬಿಎಂಜಿಯ ಸಂಗೀತದ ಸಿಡಿಗಳನ್ನು ಕಂಪ್ಯೂಟರಿಗೆ ಹಾಕಿದರೆ ನಕಲು ತಡೆಯುವ ತಂತ್ರಾಂಶ ಸೇರಿಕೊಂಡು, ಕಣ್ಣಿಗೆ ಬೀಳದಂತೆ ಅಡಗಿ ಕೂರುತ್ತಿತ್ತು. ಅದೇ ಮರೆಯಲ್ಲಿ ವೈರಸ್‌ಗಳೂ ಅಡಗಲು ಶುರುವಾದವು. ದುಡ್ಡು ಕೊಟ್ಟು ಸಿಡಿ ಕೊಂಡವರಿಗೇ ಇದು ಆದದ್ದು, ಕದ್ದು ಇಳಿಸಿಕೊಂಡವರಿಗೆ ಅಲ್ಲ. 2014ರಲ್ಲಿ ಅಡೋಬಿಯ ಇ-ಪುಸ್ತಕದ ತಂತ್ರಾಂಶ ಯಾರು ಯಾವ ಪುಸ್ತಕದ ಯಾವ ಪುಟ ಓದಿದರು ಅನ್ನುವುದನ್ನು ಯಾವ ಗೂಢಲಿಪಿಯೂ ಇಲ್ಲದೆ ಕಂಪನಿಗೆ ಕಳಿಸುತ್ತಿದ್ದದ್ದು ಗೊತ್ತಾಯಿತು. ಹಕ್ಕಿನ ಬೀಗ ಕಾಯಲು ಅಂತ ಸಂಗ್ರಹಿಸಿದ್ದು ಅದು.

ಇದನ್ನೆಲ್ಲ ತಡೆಯಲು ಆಗುತ್ತದೆಯೇ ಅಂದರೆ, ಆಗಿದೆ. ಅಮೆರಿಕದಲ್ಲಿ ಸೋಪಾ, ಪಿಪಾ ಅನ್ನುವ ಎರಡು ಮಸೂದೆ ಬಂದಿದ್ದವು. ತಾಣಗಳನ್ನೇ ಇಂಟರ್ನೆಟ್ಟಿನ ವಿಳಾಸಪುಸ್ತಕದಿಂದ ಅಳಿಸುವ ಯೋಚನೆ ಅವುಗಳಲ್ಲಿತ್ತು. 2012ರ ಜನವರಿ 18ರಂದು ಇಂಗ್ಲಿಷ್ ವಿಕಿಪೀಡಿಯ ಒಂದು ದಿನ ಪೂರ್ತಿ ಪುಟ ಕಪ್ಪು ಮಾಡಿ ಕೂತಿತು. ಲಕ್ಷಾಂತರ ಜನ ತಮ್ಮ ಪ್ರತಿನಿಧಿಗಳಿಗೆ ಫೋನ್ ಮಾಡಿದರು. ಎರಡೇ ದಿನದಲ್ಲಿ ಎರಡೂ ಮಸೂದೆ ಬದಿಗೆ ಸರಿದವು. ಅದೇ ವರ್ಷ ಜುಲೈ 4ರಂದು ಯುರೋಪಿನ ಸಂಸತ್ತು ಕಾಪಿರೈಟ್ ಕಾವಲನ್ನು ಬಿಗಿ ಮಾಡುವ ಆಕ್ಟಾ ಅನ್ನುವ ಅಂತರರಾಷ್ಟ್ರೀಯ ಒಪ್ಪಂದವನ್ನು 478ಕ್ಕೆ 39 ಮತಗಳಿಂದ ತಿರಸ್ಕರಿಸಿತು. ಅದಕ್ಕೂ ಮೊದಲಿನ ಚಳಿಗಾಲದಲ್ಲಿ ಅದನ್ನು ವಿರೋಧಿಸಿ ಪೋಲೆಂಡಿನ ಬೀದಿಗಳಲ್ಲಿ ಹಿಮದ ನಡುವೆ ನಿಂತವರು ಬಹುತೇಕ ಹುಡುಗ ಹುಡುಗಿಯರು. 2019ರ ಯುರೋಪಿನ ನಿರ್ದೇಶನದ ವಿಷಯದಲ್ಲಿ ನಾವು ಸೋತೆವು, ನಿಜ. ಆಗ ಚರ್ಚೆಯನ್ನು 'ಕಲಾವಿದರು ವಿರುದ್ಧ ತಂತ್ರಜ್ಞಾನ ಕಂಪನಿಗಳು' ಅಂತ ತಿರುಗಿಸಿಬಿಟ್ಟಿದ್ದರು. ನಿಮ್ಮಂಥ ಕಲಾವಿದರೇ ಎದ್ದು ನಿಂತು ನಮ್ಮ ವಿಡಿಯೋ ಹೀಗೆ ಹೋಯಿತು ಅಂತ ಹೇಳುವುದು ಅದಕ್ಕೇ ಇಷ್ಟು ಬೆಲೆಯುಳ್ಳದ್ದು. ನಿಮ್ಮ ಪ್ರತಿನಿಧಿಗೆ ಬರೆಯುವಾಗ ಕಾಪಿರೈಟ್ ಬೇಡ ಅಂತ ಬರೆಯಬೇಡಿ. ನ್ಯಾಯಾಧೀಶರ ಅಪ್ಪಣೆ ಇಲ್ಲದೆ ಯಾರ ಹೆಸರೂ ಕೈ ದಾಟಬಾರದು, ತೆಗೆಯುವ ಮೊದಲು ಹಾಕಿದವರನ್ನು ಒಂದು ಮಾತು ಕೇಳಬೇಕು, ಬೇಕಂತಲೇ ಸುಳ್ಳು ದೂರು ಕೊಟ್ಟವರಿಗೆ ನಿಜವಾಗಿ ಬಿಸಿ ತಟ್ಟುವ ದಂಡ ಇರಬೇಕು, ವಿಮರ್ಶೆಗೂ ಪಾಠಕ್ಕೂ ಇರುವ ವಿನಾಯಿತಿ ಯಂತ್ರದ ಕಾಲಲ್ಲಿ ಸಿಕ್ಕಿ ಹೋಗಬಾರದು ಅಂತ ಬರೆಯಿರಿ. ಈ ಕೆಲಸವನ್ನೇ ಮಾಡುವ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್, ಲಾ ಕ್ವಾದ್ರಾತ್ಯೂರ್ ದ್ಯು ನೆಟ್ ಥರದ ಸಂಘಗಳಿವೆ. ಇಂಥ ಕಾನೂನುಗಳ ಕರಡು ಬಂದಾಗ ಅವರು ಸುಲಭ ಭಾಷೆಯಲ್ಲಿ ವಿವರಿಸುತ್ತಾರೆ.

ವಿಪಿಎನ್ ಬಗ್ಗೆ ಕೇಳಿದ್ದೀರಿ. ಇಟ್ಟುಕೊಳ್ಳಿ, ಒಳ್ಳೆಯದೇ. ಆದರೆ ನಿಮ್ಮ ಈಗಿನ ತೊಂದರೆಗೆ ಅದು ಮದ್ದಲ್ಲ. ವಿಪಿಎನ್ ಹಾಕಿದರೆ ಇಂಟರ್ನೆಟ್ ಕೊಡುವ ಕಂಪನಿಗೆ ನೀವು ಯಾವ ತಾಣಕ್ಕೆ ಹೋಗುತ್ತೀರಿ ಅಂತ ಕಾಣುವುದಿಲ್ಲ, ತಾಣಕ್ಕೆ ನಿಮ್ಮ ನಿಜವಾದ ಐಪಿ ಕಾಣುವುದಿಲ್ಲ. ಅವೆರಡೂ ಈಗ ವಿಪಿಎನ್ ಕಂಪನಿಗೆ ಕಾಣುತ್ತವೆ. ನಂಬಿಕೆಯನ್ನು ಒಬ್ಬರಿಂದ ತೆಗೆದು ಇನ್ನೊಬ್ಬರಿಗೆ ಕೊಟ್ಟಂತಾಯಿತು. ಪೂರ್ತಿ ಬಿಟ್ಟಿ ಕೊಡುವ, ಯಾರು ನಡೆಸುತ್ತಾರೆ ಅಂತಲೂ ತಿಳಿಯದ ವಿಪಿಎನ್ ಮಾತ್ರ ಬೇಡವೇ ಬೇಡ. ಮತ್ತೆ, ನಿಮ್ಮ ಖಾತೆಗೆ ನಿಮ್ಮ ಹೆಸರಿನಲ್ಲೇ ಲಾಗಿನ್ ಆದ ಮೇಲೆ ಯಾವ ವಿಪಿಎನ್ ಹಾಕಿದ್ದರೂ ಅವರಿಗೆ ನೀವು ಯಾರು ಅಂತ ಗೊತ್ತಿರುತ್ತದೆ. ಫಾರ್ಮಿನಲ್ಲಿ ನೀವೇ ಬರೆದುಕೊಟ್ಟ ವಿಳಾಸವನ್ನು ಯಾವ ವಿಪಿಎನ್ ಕೂಡ ಮರೆ ಮಾಡುವುದಿಲ್ಲ.

ಇನ್ನು ನೀವು ಮಾಡಬೇಕಾದ್ದು. ಬಂದ ಸಂದೇಶವನ್ನು ನಿಧಾನವಾಗಿ ಓದಿ, ಇದು ಯಂತ್ರ ಹಿಡಿದ ಕಂಟೆಂಟ್ ಐಡಿ ಆರೋಪವೋ, ಯಾರೋ ಕಾನೂನಿನ ಪ್ರಕಾರ ಕೊಟ್ಟ ದೂರೋ ಅಂತ ನೋಡಿ. ಮೊದಲನೆಯದ್ದಾದರೆ ಆಕ್ಷೇಪದ ಮೊದಲ ಹಂತದಲ್ಲಿ ಮನೆ ವಿಳಾಸ ಬೇಕಾಗುವುದಿಲ್ಲ. ಕಾರಣ ಬರೆದು ಕಳಿಸಿ, ಎದುರಿನವರಿಗೆ ಉತ್ತರಿಸಲು 30 ದಿನ ಇರುತ್ತದೆ. ವಿಳಾಸ ಕೇಳುತ್ತಿದ್ದಾರೆ ಅಂದರೆ ನಿಮ್ಮದು ಬಹುಶಃ ಎರಡನೆಯದ್ದು. ಹಾಗಿದ್ದರೆ ನಿಮ್ಮ ಚಾನೆಲಿಗೆ ಒಂದು ಸ್ಟ್ರೈಕ್, ಅಂದರೆ ಎಚ್ಚರಿಕೆಯ ಗುರುತು, ಬಿದ್ದಿರುತ್ತದೆ. 90 ದಿನದೊಳಗೆ ಮೂರು ಬಿದ್ದರೆ ಚಾನೆಲ್ಲೇ ಹೋಗಬಹುದು. ಅದಕ್ಕೆ ಮಿಕ್ಕ ಪಾಠಗಳ ಮೂಲ ಫೈಲುಗಳನ್ನೆಲ್ಲ ಈಗಲೇ ನಿಮ್ಮ ಹತ್ತಿರ ಬೇರೆ ಡಿಸ್ಕಿನಲ್ಲಿ ಇಟ್ಟುಕೊಳ್ಳಿ. ಆ ಪಾಠದ ಸಂಪಾದನೆಗೆ ಮೊದಲಿನ ಫೈಲ್ ಇದ್ದರೆ ಅದನ್ನಂತೂ ಮುಟ್ಟಬೇಡಿ. ನುಡಿಸಿದ್ದು ನೀವೇ ಅನ್ನುವುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ.

ಆಮೇಲೆ ಪ್ರಾಮಾಣಿಕವಾಗಿ ಒಂದು ವಿಷಯ ನೋಡಿಕೊಳ್ಳಿ. ರಚನೆ ಹಳೆಯದಾದರೂ ನೀವು ಹಿನ್ನೆಲೆಯಲ್ಲಿ ಬೇರೆಯವರ ರೆಕಾರ್ಡಿಂಗ್ ಹಾಕಿದ್ದಿರಾ? ಇತ್ತೀಚೆಗೆ ಯಾರೋ ಹೊಸದಾಗಿ ಹೊಂದಿಸಿ ಬರೆದ ಸ್ವರಲಿಪಿ ನೋಡಿ ನುಡಿಸಿದಿರಾ? ರಚನೆಯ ಹಕ್ಕು ಬೇರೆ, ರೆಕಾರ್ಡಿಂಗಿನ ಹಕ್ಕು ಬೇರೆ, ಹೊಸ ಹೊಂದಾಣಿಕೆಯ ಹಕ್ಕು ಬೇರೆ. ಇವ್ಯಾವೂ ಇಲ್ಲ ಅಂದರೆ ನಿಮ್ಮ ಕಾಲು ಗಟ್ಟಿ ನೆಲದ ಮೇಲಿದೆ. ಮೊದಲು ದೂರು ಕೊಟ್ಟವರಿಗೇ ಒಂದು ಪತ್ರ ಬರೆಯಿರಿ. ನೋಟಿಸಿನಲ್ಲಿ ಅವರ ಇಮೇಲ್ ಇರುತ್ತದೆ. ನಿಮ್ಮ ಸ್ವಂತ ಇಮೇಲ್ ಬೇಡ, ಇದಕ್ಕಾಗಿಯೇ ಒಂದು ಹೊಸದು ತೆರೆಯಿರಿ. ರಚನೆ ಯಾರದ್ದು, ಅವರು ತೀರಿಕೊಂಡ ವರ್ಷ ಯಾವುದು, ನುಡಿಸಿದ್ದು ನೀವೇ, ದೂರು ಹಿಂತೆಗೆದುಕೊಳ್ಳಿ, ಇಷ್ಟೇ ನಾಲ್ಕು ಸಾಲು ಸಾಕು. ದೊಡ್ಡ ಕಂಪನಿಯ ಯಂತ್ರ ಮಾಡಿದ ತಪ್ಪಾಗಿದ್ದರೆ ಬಹಳ ಸಲ ಇಲ್ಲೇ ಮುಗಿಯುತ್ತದೆ.

ಅವರು ಒಪ್ಪದಿದ್ದರೆ ಔಪಚಾರಿಕ ತಕರಾರು ಕೊಡಬೇಕು. ಅದನ್ನು ನಿಮ್ಮ ಪರವಾಗಿ ವಕೀಲರೊಬ್ಬರು ಸಲ್ಲಿಸಲು ಯೂಟ್ಯೂಬ್ ಅವಕಾಶ ಕೊಡುತ್ತದೆ. ಆಗ ಸಂಪರ್ಕಕ್ಕೆ ಅವರ ಕಚೇರಿಯ ವಿಳಾಸವನ್ನು ಮುಂದಿಡಬಹುದು. ಯಾವ ವಿವರ ನಿಮ್ಮದು, ಯಾವುದು ಅವರದು ಅಂತ ಸಲ್ಲಿಸುವ ಮೊದಲು ಆ ವಕೀಲರ ಹತ್ತಿರವೇ ಕೂತು ತುಂಬಿ. ಸುಳ್ಳು ವಿಳಾಸ ಮಾತ್ರ ಬರೆಯಲೇಬೇಡಿ, ನೀವು ಪ್ರಮಾಣ ಮಾಡಿ ಸಹಿ ಹಾಕುವ ಕಾಗದ ಅದು. ಬಂದ ನೋಟಿಸಿನ ಒಂದು ಪ್ರತಿಯನ್ನು, ನಿಮ್ಮ ವಿವರ ಮುಚ್ಚಿ, ಲುಮೆನ್ ಅನ್ನುವ ಸಾರ್ವಜನಿಕ ಸಂಗ್ರಹಕ್ಕೆ ಕಳಿಸಿಕೊಡಿ. ಯಾರು ಎಷ್ಟು ಸುಳ್ಳು ದೂರು ಕೊಡುತ್ತಿದ್ದಾರೆ ಅಂತ ಸಂಶೋಧಕರು ಹುಡುಕುವುದು ಅಲ್ಲೇ. ತಕರಾರು ಸಲ್ಲಿಸಿದ ದಿನವನ್ನು ಬರೆದಿಟ್ಟುಕೊಂಡು 14 ಕೆಲಸದ ದಿನ ಎಣಿಸಿ. ಅಷ್ಟರೊಳಗೆ ಅವರು ಕೇಸ್ ಹಾಕದಿದ್ದರೆ ವಿಡಿಯೋ ಮರಳಿ ಬರಬೇಕು. ಬರಲಿಲ್ಲ ಅಂದರೆ ನೋಟಿಸಿನ ಪ್ರತಿ ಜೊತೆಗಿಟ್ಟು ನನಗೆ ಇನ್ನೊಂದು ಸಲ ಬರೆಯಿರಿ, ವಿಳಾಸದ ಸಾಲನ್ನು ಅಳಿಸಿ ಕಳಿಸಿ.